ಹದಿನೇಳನೆಯ ಆಳು

‘ಮನಸ್ಸಿಲ್ಲದಿದ್ದರೆ ಬೇಡ ಎನ್ನಬಹುದು. ನಡುವೆ ಬಿಟ್ಟರೂ ಯಾರೂ ಯಾಕೆಂದು ಕೇಳುವುದಿಲ್ಲ.’

ಈ ಎರಡು ಸಾಲನ್ನು ನಾನು ಮೂವತ್ತು ಹೆಂಗಸರಿಗೆ ಮೂವತ್ತು ಸಲ ಓದಿ ಹೇಳಿದ್ದೇನೆ. ಹತ್ತನೆಯವಳ ತನಕ ಅರ್ಥ ಬಿಡಿಸಿ ಹೇಳಿದೆ. ಆಮೇಲೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಊರಿನ ಹೆಸರು ಕೂಗಿದ ಹಾಗೆ ಕೂಗತೊಡಗಿದೆ. ಓದುವವಳಿಗೇ ನಂಬಿಕೆಯಿಲ್ಲದ ಮಾತನ್ನು ಕೇಳುವವರು ಯಾಕೆ ನಂಬುತ್ತಾರೆ?

ನಾನು ಶೇಖಮ್ಮ, ಆಶಾ ಕಾರ್ಯಕರ್ತೆ. ದೋರನಹಳ್ಳಿಗೆ ಎರಡು ಮೈಲಿ ಈಚೆಗೆ ನಮ್ಮೂರು. ಯಾರಿಗೆ ಬಸಿರು, ಯಾರಿಗೆ ಕೆಮ್ಮು ಎಂದು ಮನೆಮನೆ ತಿರುಗಿ ಬರೆದುಕೊಳ್ಳುವುದು ನನ್ನ ಕೆಲಸ. ಆ ವರ್ಷ ಎರಡನೇ ಬೆಳೆಗೆ ಕಾಲುವೆ ನೀರು ಬಿಡುವ ಮುಂಚೆ ಕಲಬುರಗಿಯಿಂದ ಡಾಕ್ಟರ್ ಸರ್ವರಬೇಗಂ ಬಂದರು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತೇವೆ. ಗದ್ದೆಗೆ ಹೊಡೆದ ಆ ಎಣ್ಣೆ ಕೆಸರಿನಲ್ಲಿ ನಿಂತು ನಾಟಿ ಮಾಡುವ ಹೆಂಗಸರ ಮೈಗೆ ಇಳಿಯುತ್ತದೆಯೋ ಇಲ್ಲವೋ ಎಂದು ನೋಡುವ ಅಧ್ಯಯನ ಅವರದು. ನಾಟಿಗೆ ಮುಂಚೆ ಒಮ್ಮೆ, ನಾಟಿಯ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ರಕ್ತ ಕೊಡಬೇಕು. ಹದಿನೆಂಟರಿಂದ ಐವತ್ತೈದು ವಯಸ್ಸಿನೊಳಗಿನ ಮೂವತ್ತು ಜನ ಬೇಕು, ತಾವಾಗಿ ಒಪ್ಪಿ ಬಂದವರು ಮಾತ್ರ.

“ಮೂವತ್ತು ಏನು ದೊಡ್ಡದ್ರಿ ಮೇಡಂ, ಎರಡು ದಿನದಾಗ ಕೊಡ್ತೀನಿ,” ಎಂದೆ. ಹೊಗಳಿಕೆಯ ಆಸೆ ನನಗೆ ಮೊದಲಿನಿಂದಲೂ ಇದೆ.

“ಕೊಡೋದಲ್ಲ ಶೇಖಮ್ಮ, ಕೇಳೋದು,” ಎಂದರು ಡಾಕ್ಟರು. ಮೃದುವಾಗಿಯೇ ಹೇಳಿದರು. ನನಗೆ ಅದು ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ.

ಮನೆಮನೆ ತಿರುಗಿ ಕೇಳುವ ಬದಲು ನಾನು ನೇರ ಭೀಮವ್ವನ ಮನೆಗೆ ಹೋದೆ. ನಮ್ಮೂರ ನಾಟಿ ಗುಂಪಿಗೆ ಭೀಮವ್ವನೇ ಮುಂದಾಳು. ಎಕರೆ ಗುತ್ತಿಗೆ ಮಾತಾಡುವವಳು ಅವಳು, ಯಾರ ಗದ್ದೆ ಮೊದಲು ಯಾರದು ಆಮೇಲೆ ಎಂದು ನಿರ್ಧರಿಸುವವಳು ಅವಳು. ಕಾಲುವೆಗೆ ಹದಿನಾಲ್ಕು ದಿನ ನೀರು, ಎಂಟು ದಿನ ಬಂದ್. ನೀರಿರುವಾಗ ಸಸಿ ನೆಲ ಹಿಡಿಯದಿದ್ದರೆ ಧಣಿ ಮುಂದಿನ ವರ್ಷ ಬೇರೆ ಊರಿನ ಗುಂಪನ್ನು ಕರೆಯುತ್ತಾನೆ. ಅದಕ್ಕೇ ಮೂವತ್ತು ತಲೆ ಎಂದು ಭೀಮವ್ವ ಮಾತು ಕೊಟ್ಟರೆ ಮೂವತ್ತು ತಲೆ ಬಂದೇ ಬರುತ್ತವೆ. ಒಬ್ಬಳಿಗೆ ಜ್ವರ ಬಂದರೆ ಅವಳ ಮನೆಯಿಂದ ಸೊಸೆ ಬರುತ್ತಾಳೆ, ಸೊಸೆ ಇಲ್ಲದಿದ್ದರೆ ಓಣಿಯಿಂದ ಇನ್ನೊಬ್ಬಳು. ಬಂದ ಬದಲಿ ಆಳಿನ ಹೆಸರನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಂದಿನ ದುಡಿಮೆ ಬರದವಳ ಹೆಸರಿಗೇ ಸೇರುತ್ತದೆ. ಯಾಕೆಂದರೆ ‘ಅವಳು ಬಂದಿಲ್ಲ’ ಎಂದು ಧಣಿಗೆ ಗೊತ್ತಾದರೆ, ಕಾಯಿಲೆಯವಳು ಗುಂಪಿನಲ್ಲಿ ಯಾಕೆ ಎಂದು ಅವನು ತೆಗೆಸುತ್ತಾನೆ.

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹದಿನಾರರ ವಯಸ್ಸಿನಲ್ಲಿ ನಾನೂ ಅದೇ ಸಾಲಿನಲ್ಲಿ ನಿಂತವಳು. ಹತ್ತನೆಯ ಪರೀಕ್ಷೆ ಬಂದಾಗ ಗದ್ದೆಯಲ್ಲಿ ಕಳೆ ಕೀಳುವ ಕೆಲಸ ಜೋರಾಗಿತ್ತು. ‘ನೀ ಹೋಗಿ ಬರಿ’ ಎಂದು ನನ್ನನ್ನು ಕಳಿಸಿ, ಪರೀಕ್ಷೆ ಮುಗಿಯುವ ತನಕ ನನ್ನ ಸಾಲನ್ನೂ ತನ್ನ ಸಾಲನ್ನೂ ಭೀಮವ್ವ ಒಬ್ಬಳೇ ಕಿತ್ತಳು. ನಾನು ಪಾಸಾದೆ. ಇಂದು ಉಡುವ ಆಶಾ ಕೆಲಸದ ಗುಲಾಬಿ ಸೀರೆಗೆ ಅರ್ಧ ಕಾರಣ ಅವಳು. ಸಂಬಂಧದಲ್ಲಿ ಅವಳು ನನಗೆ ಏನೂ ಅಲ್ಲ, ಆದರೂ ಚಿಗವ್ವ ಎಂದೇ ಕರೆಯುತ್ತೇನೆ.

ವಿಷಯ ಕೇಳಿ ಭೀಮವ್ವ ಎಲೆಗೆ ಸುಣ್ಣ ಹಚ್ಚುತ್ತ, “ಎಷ್ಟು ರಕ್ತ?” ಎಂದಳು.

“ಒಂದು ಚಮಚ, ಚಿಗವ್ವ.”

“ಯಾವಾಗ?”

“ಮುಂಜಾನಿ, ಕೆಲಸಕ್ಕ ಹೋಗೂಕಿಂತ ಮೊದಲ. ಸಾಲಿ ಕಟ್ಟಿ ಮ್ಯಾಲ.”

“ಮೂವತ್ತು ತಲಿ ಬರ್ತಾವ, ಹೋಗು.” ಅಷ್ಟೇ. ಒಂದು ಎಲೆ ಮಡಚುವಷ್ಟರಲ್ಲಿ ಮೂವತ್ತು ಹೆಂಗಸರ ಒಪ್ಪಿಗೆ ಸಿಕ್ಕಿತ್ತು.

ಮೊದಲ ದಿನ ಡಾಕ್ಟರು ತಾವೇ ಕುಳಿತರು. ಹೆಂಗಸರು ಗಂಡಂದಿರ ತುಂಬುತೋಳಿನ ಅಂಗಿ ಸೀರೆಯ ಮೇಲೆ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಸಾಲಾಗಿ ನಿಂತರು. ನಾನು ಒಬ್ಬೊಬ್ಬಳಿಗೂ ಒಪ್ಪಿಗೆಯ ಕಾಗದ ಓದತೊಡಗಿದೆ. ‘ಬೇಡ ಎನ್ನಬಹುದು’ ಎಂಬಲ್ಲಿ ಒಬ್ಬಳು ಕಿಸಕ್ಕೆಂದಳು, ಅವಳ ಹಿಂದೆ ಎಲ್ಲರೂ ನಕ್ಕರು.

“ಬ್ಯಾಡ ಅಂದ್ರ ಭೀಮವ್ವ ಮನಿಗೆ ಬಂದು ಒದೀತಾಳ್ರಿ ಡಾಕ್ಟರಮ್ಮ,” ಎಂದಳು ದೇವಕಮ್ಮ. ನಲವತ್ತೆಂಟರ ಗಟ್ಟಿ ಹೆಂಗಸು, ಪಟ್ಟಿಯಲ್ಲಿ ಹದಿನೇಳನೆಯ ನಂಬರು.

ಡಾಕ್ಟರು ನಗಲಿಲ್ಲ. “ಯಾರೂ ಒದೆಯೋದಿಲ್ಲಮ್ಮ. ನಿಮ್ಮ ಮನಸ್ಸು ನಿಮ್ಮದು,” ಎಂದರು.

ಕೊನೆಗೆ ಭೀಮವ್ವನೂ ತೋಳು ಮಡಚಿ ಬಂದು ಕುಳಿತಳು. ಮಣಿಕಟ್ಟಿನಿಂದ ಮೊಣಕೈ ತನಕ ಹಸಿರು ಹಚ್ಚೆ ಅವಳಿಗೆ. ಬಳ್ಳಿ, ತೊಟ್ಟಿಲು, ಚೇಳು ಎಲ್ಲ ಇವೆ. ಈಗಿನ ಹೆಂಗಸರು ಯಾರೂ ಹಾಕಿಸುವುದಿಲ್ಲ, ಗುಂಪಿನಲ್ಲಿ ಅವಳೊಬ್ಬಳದೇ ಅಂಥ ಕೈ. ನಾನು ಆಧಾರ್ ಕಾರ್ಡು ನೋಡಿ, “ನಿಂಗ ಅರವತ್ತೊಂದು, ಚಿಗವ್ವ. ನೀ ಬರಂಗಿಲ್ಲ,” ಎಂದೆ.

“ಕೆಸರಿಗೆ ನಡೀತದ, ನಿಮ್ಮ ಸೂಜಿಗೆ ನಡಿಯಂಗಿಲ್ಲೇನು? ಈ ತೋಳು ಏನು ಪಾಪ ಮಾಡ್ಯಾದ?”

ಎಲ್ಲರೂ ಮತ್ತೆ ನಕ್ಕರು. ಅವಳ ಬದಲು ಓಣಿಯ ಇನ್ನೊಬ್ಬಳು ಕುಳಿತು ಲೆಕ್ಕ ಮೂವತ್ತಕ್ಕೆ ಮುಟ್ಟಿತು. ಅವಳ ಮುಖ ಸ್ವಲ್ಪ ಊದಿದಂತಿತ್ತು. ನಿದ್ದೆಗಣ್ಣು ಎಂದುಕೊಂಡೆ. ಊರಿನ ಆರೋಗ್ಯ ನೋಡಲು ನೇಮಿಸಿದ ನನ್ನ ಕಣ್ಣಿಗೆ ಬೆಂಕಿ ಬೀಳಲಿ.

ಜನವರಿಯಲ್ಲಿ ನೀರು ಬಂದು ನಾಟಿ ಜೋರಾಯಿತು. ಎರಡನೇ ಸಲ ರಕ್ತ ತೆಗೆಯುವ ದಿನ ಡಾಕ್ಟರು ಬರಲಾಗಲಿಲ್ಲ, ಲ್ಯಾಬಿನ ಸಿಕಂದರ ಒಬ್ಬನೇ ಬಂದ. ಅವನು ಶಾಲೆಯ ಒಳಗೆ ಕುಳಿತ, ನಾನು ಕಟ್ಟೆಯ ಮೇಲೆ ಪಟ್ಟಿ ಹಿಡಿದು ನಿಂತೆ. ಮಂಜಿತ್ತು, ಚಳಿಯಿತ್ತು, ಟ್ರ್ಯಾಕ್ಟರು ಹೊರಗೆ ಗುರುಗುಡುತ್ತ ಕಾಯುತ್ತಿತ್ತು. ನಾನು ನಂಬರು ಕೂಗಿದೆ, ಅಂಗಿ ಹಾಕಿದ, ಟವೆಲ್ ಸುತ್ತಿದ ಒಂದೊಂದು ಆಕಾರ ನನ್ನ ಪಕ್ಕದಿಂದ ಒಳಗೆ ಹೋಯಿತು. ಮೂವತ್ತು ಟಿಕ್ ಬಿದ್ದವು. ಪಟ್ಟಿ ನೋಡಿದೆನೇ ಹೊರತು ಮುಖ ನೋಡಲಿಲ್ಲ. ಇದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ನಾಲ್ಕು ದಿನಕ್ಕೆ ಡಾಕ್ಟರ ಫೋನು ಬಂತು. “ಹದಿನೇಳು, ದೇವಕಮ್ಮ. ಎರಡೂ ಕಿಡ್ನಿ ಕೆಲಸ ಬಿಡ್ತಾ ಇವೆ ಶೇಖಮ್ಮ. ಅಧ್ಯಯನ ಆಮೇಲೆ ನೋಡೋಣ, ಮೊದಲು ಅವರನ್ನ ಕರೆತನ್ನಿ. ತಡ ಮಾಡಿದರೆ ಉಳಿಯೋದು ಕಷ್ಟ.”

ದೇವಕಮ್ಮನಿಗೆ ಹೇಗೆ ಹೇಳಿದೆನೋ ದೇವರೇ ಬಲ್ಲ. ಗದ್ದೆಯ ಬದುವಿನ ಮೇಲೆ ರೊಟ್ಟಿ ಬಿಚ್ಚಿದ್ದಳು. ಕೇಳಿ, ರೊಟ್ಟಿಯನ್ನು ಹಾಗೇ ಕಟ್ಟಿಟ್ಟಳು. ಗಂಡನನ್ನು ಕರೆದು ಮಗಳ ಮದುವೆಗೆ ಎತ್ತಿಟ್ಟಿದ್ದ ಸೀರೆಗಳು ಯಾವ ಟ್ರಂಕಿನಲ್ಲಿವೆ ಎಂದು ತಿಳಿಸಿದಳು. ಮರುದಿನ ಜೀಪಿನಲ್ಲಿ ಕಲಬುರಗಿ ಮುಟ್ಟುವ ತನಕ ನನ್ನ ಕೈ ಬಿಡಲಿಲ್ಲ. ಅಲ್ಲಿ ಮತ್ತೆ ರಕ್ತ ತೆಗೆದರು, ಸಂಜೆಗೆ ಫಲಿತಾಂಶ ಬಂತು. ಅವಳಿಗೆ ಏನೂ ಆಗಿರಲಿಲ್ಲ.

ದೇವಕಮ್ಮ ಸಂತೋಷಕ್ಕೆ ಅತ್ತಳು. ಡಾಕ್ಟರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. “ಒಂದು ವಾರದಲ್ಲಿ ಹೋದ ಕಿಡ್ನಿ ವಾಪಸ್ಸು ಬರೋದಿಲ್ಲ. ಆ ರಕ್ತ ಇವರದಲ್ಲ. ದೇವಕಮ್ಮ, ಆ ದಿನ ನೀವು ಬಂದಿದ್ದಿರಾ?” ಎಂದರು.

ದೇವಕಮ್ಮ ನನ್ನ ಮುಖ ನೋಡಿದಳು. “ಸುರಪುರದಾಗ ನಮ್ಮ ಅಪ್ಪ ತೀರಿಕೊಂಡಿದ್ದರ್ರಿ. ಹೋಗಿದ್ದೆ. ಭೀಮವ್ವಗ ಹೇಳೇ ಹೋಗೀನಿ. ‘ನೀ ಹೋಗು, ತಲಿ ನಾ ಹಚ್ತೀನಿ’ ಅಂದ್ಳು. ನೀವು ಹೇಳಿದ್ದು ಮೊದಲಿನ ಸಲ ಕೊಟ್ಟ ರಕ್ತದ್ದು ಅಂತ ತಿಳಕೊಂಡಿದ್ದೆ.”

ರಕ್ತಕ್ಕೂ ಬದಲಿ ಆಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಈಗ ನಮ್ಮೂರಲ್ಲಿ ಯಾವಳೋ ಒಬ್ಬಳು ಸಾಯುವ ಕಾಯಿಲೆ ಹೊತ್ತುಕೊಂಡು ಸಸಿ ನೆಡುತ್ತಿದ್ದಾಳೆ. ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. “ಆ ಮನುಷ್ಯೆ ಸಿಗಬೇಕು ಶೇಖಮ್ಮ, ಬೇಗ,” ಎಂದರು ಡಾಕ್ಟರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದವಳೇ ಗುಂಪಿನ ಒಬ್ಬೊಬ್ಬಳನ್ನೂ ಕೇಳಿದೆ. ಮೋನಮ್ಮನಿಗೆ ಗೊತ್ತಿಲ್ಲ. ಹಣಮಂತಮ್ಮನಿಗೆ ಗೊತ್ತಿಲ್ಲ. ರತ್ನಾಬಾಯಿಗೆ ಅಂದು ಮಂಜಿನಲ್ಲಿ ಕಣ್ಣೇ ಕಾಣಲಿಲ್ಲವಂತೆ. ಜೀವದ ಪ್ರಶ್ನೆ ಎಂದೆ, ಕೈ ಮುಗಿದೆ. ನಾನು ಧಣಿಯ ಕಡೆಯವಳು ಎಂಬಂತೆ ನೋಡಿದರು. ಭೀಮವ್ವ ಸಸಿಯ ಕಟ್ಟು ಬಿಚ್ಚುತ್ತ, ತಲೆಯೆತ್ತದೆ, “ಬದಲಿ ಹೋದಾಕಿ ಹೆಸರು ಕೇಳಬಾರ್ದು. ನೀನೂ ಇದ್ದಾಕಿ ಈ ಸಾಲಿನಾಗ,” ಎಂದಳು. ಆಗಲೂ ನನಗೆ ಹೊಳೆಯಲಿಲ್ಲ.

ಹೊಳೆಸಿದವನು ಸಿಕಂದರ. ಫೋನು ಮಾಡಿ, ಹದಿನೇಳನೆಯವಳ ಗುರುತು ಏನಾದರೂ ನೆನಪಿದೆಯೇ ಎಂದೆ.

“ಮುಖ ಎಲ್ಲಿ ನೆನಪಿರ್ತದ್ರಿ ಮೇಡಂ, ಮೂವತ್ತು ಮಂದಿ. ಒಬ್ಬಾಕಿ ಕೈ ಮಾತ್ರ ಮರ್ತಿಲ್ಲ ನೋಡ್ರಿ. ಮೊಣಕೈ ತನಕ ಹಚ್ಚಿ. ಮ್ಯಾಲ ಬಾವು ಬೇರೆ. ನರ ಸಿಗಲಿಲ್ಲ, ಮೂರು ಸಲ ಚುಚ್ಚೀನಿ. ಉಫ್ ಅನ್ನಲಿಲ್ಲ ಅಕಿ.”

ಫೋನು ಇಟ್ಟವಳೇ ಮರುದಿನದ ಮುಂಜಾನೆಗೆ ಜೀಪು ಗೊತ್ತುಮಾಡಿದೆ.

ಸಂಜೆ ಭೀಮವ್ವ ಅಂಗಳದಲ್ಲಿ ಕಾಲಿಗೆ ಬಿಸಿನೀರು ಹೊಯ್ದುಕೊಳ್ಳುತ್ತಿದ್ದಳು. ಪಾದ ಎರಡೂ ಊದಿ ಕಣಕಾಲಿನ ಗಂಟು ಕಾಣದಂತಾಗಿತ್ತು. ನಾನು ಎದುರು ಕುಳಿತು ಬೆರಳಿನಿಂದ ಒತ್ತಿದೆ, ಒತ್ತಿದ ಗುಳಿ ಹಾಗೇ ಉಳಿಯಿತು.

“ಕೆಸರಿನಾಗ ನಿಂತ್ರ ಬಾವು ಬರ್ತದ,” ಎಂದಳು.

“ರಕ್ತ ಕೊಟ್ಟಾಕಿ ನೀನ ಚಿಗವ್ವ.”

ಅವಳು ಚೊಂಬು ಕೆಳಗಿಟ್ಟಳು. “ಅವತ್ತು ಓಣಿಯಾಗ ಯಾರೂ ಸಿಗಲಿಲ್ಲ. ಎಲ್ರೂ ಬ್ಯಾರೆ ಗದ್ದಿಗೆ ಹೋಗಿದ್ರು. ಮೂವತ್ತು ಅಂದೀನಿ, ಇಪ್ಪತ್ತೊಂಬತ್ತು ಕೊಡಾಕ ಬರ್ತದೇನು? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.”

ನಾನು ಎಲ್ಲ ಹೇಳಿದೆ. ಕಿಡ್ನಿ ಎಂದರೇನು, ಊಟ ಯಾಕೆ ಸೇರುತ್ತಿಲ್ಲ, ಉಸಿರು ಯಾಕೆ ಕಟ್ಟುತ್ತದೆ, ಹೀಗೇ ಬಿಟ್ಟರೆ ಏನಾಗುತ್ತದೆ. ಎಣ್ಣೆಯಿಂದ ಆಯಿತೋ ಬೇರೆಯದರಿಂದಲೋ ಎಂದು ಕೇಳಿದಳು, ಡಾಕ್ಟರಿಗೂ ಗೊತ್ತಿಲ್ಲ ಎಂದೆ. ನಾಳೆ ಮುಂಜಾನೆ ಜೀಪು ಬರುತ್ತದೆ ಎಂದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡಳು.

“ಮನಸ್ಸಿಲ್ಲಂದ್ರ ಬ್ಯಾಡ ಅನಬಹುದು ಅಂತ ಓದಿದ್ದಿ ಹೌದಿಲ್ಲ?”

“ಓದಿದ್ದೆ.”

“ಹಂಗಾದ್ರ ಬ್ಯಾಡ.”

ಮೂವತ್ತು ಸಲ ಓದಿದ್ದೆ. ಒಬ್ಬಳೂ ಆ ಸಾಲನ್ನು ಬಳಸಿರಲಿಲ್ಲ. ಈಗ, ಪಟ್ಟಿಯಲ್ಲೇ ಇಲ್ಲದವಳು ಬಳಸಿದಳು.

“ಅದು ರಕ್ತ ಕೊಡಾಕ ಹೇಳಿದ್ದು ಚಿಗವ್ವ. ಇದು ನಿನ್ನ ಜೀವ.”

“ಜೀವ ಯಾರದು? ನಂದಲ್ಲೇನು? ಇನ್ನ ಆರು ದಿನ ನೀರು ಅದ, ನಲವತ್ತು ಎಕರೆ ಅದ. ನಾ ಮಲಗಿದ್ರ ಗುಂಪು ಒಡೀತದ. ಹಾಸಿಗಿ ಹಿಡದ ಮುಂದಾಳಿನ ಮಾತು ಯಾವ ಧಣಿ ಕೇಳ್ತಾನ? ನಾಟಿ ಮುಗೀಲಿ.”

ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಕೊಯ್ಲು. ಅವಳು ಎಂದೂ ಬರುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಎದೆಯಲ್ಲಿ ಸಿಟ್ಟು ಎದ್ದಿತು. ಅವಳ ಮೇಲೋ ನನ್ನ ಮೇಲೋ ಆಗ ಗೊತ್ತಾಗಲಿಲ್ಲ. ಆ ಸಿಟ್ಟಿನಲ್ಲಿ, ಅವಳ ಮೇಲೆ ಯಾವುದು ನಡೆಯುತ್ತದೋ ಅದನ್ನೇ ಎತ್ತಿಕೊಂಡೆ.

“ಭೀಮವ್ವ, ಹದಿನೇಳನೇ ನಂಬರನ್ನ ನಾಳಿ ಕರೀತಾ ಇದ್ದಾರ. ದೇವಕಮ್ಮ ಹೋದ್ರ ಅದು ಅಕಿ ರಕ್ತ ಅಲ್ಲ. ತಲಿ ಹಚ್ಚಿದಾಕಿ ನೀನು. ಮೂವತ್ತು ಅಂತ ಮಾತು ಕೊಟ್ಟಾಕಿ ನೀನು. ಒಂದು ತಲಿ ಕಡಿಮಿ ಮಾಡ್ತೀಯೇನು?”

ಚಿಗವ್ವ ಎನ್ನಲಿಲ್ಲ, ಹೆಸರು ಹಿಡಿದು ಕರೆದೆ. ಗದ್ದೆಯ ಬದುವಿನಲ್ಲಿ ನಿಂತು ಧಣಿಗಳು ಕರೆಯುವುದು ಹಾಗೆಯೇ. ಅವಳು ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದಳು. ಆಮೇಲೆ, “ಅಲ್ಲಿ ಹೋದ್ರ ಇಲ್ಲಿ ಒಂದು ತಲಿ ಕಡಿಮಿ. ನಿನ್ನ ತಲಿ ಕೊಡ್ತೀಯೇನು?” ಎಂದಳು.

“ಕೊಡ್ತೀನಿ,” ಎಂದೆ. ಬಾಯಿಂದ ಬಂದು ಹೋಯಿತು.

ಬೆಳಿಗ್ಗೆ ಜೀಪು ಹತ್ತುವಾಗ ಅವಳು ಒಂದೇ ಮಾತು ಆಡಿದಳು. “ಹಂಗಾದ್ರ ಬ್ಯಾಡ ಅನಬಹುದು ಅನ್ನೋದು ಬರೇ ಓದೂದಕ್ಕ ಇತ್ತೇನು?” ನಾನು ಬಾಗಿಲು ಹಾಕಿದೆ.

ಹನ್ನೆರಡು ವರ್ಷದ ಮೇಲೆ ನಾನು ಕೆಸರಿಗೆ ಇಳಿದೆ. ಗಂಡನ ಹಳೆಯ ಅಂಗಿ, ತಲೆಗೆ ಟವೆಲ್. ಗುಲಾಬಿ ಸೀರೆ ಉಟ್ಟು ಬದುವಿನ ಮೇಲೆ ನಿಂತು ‘ಕೈ ತೊಳೀರಿ, ಗುಳಿಗಿ ತಗೋರಿ’ ಎನ್ನುತ್ತಿದ್ದವಳನ್ನು ಕಂಡು ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಎಡಗಡೆಯ ತುದಿ ಭೀಮವ್ವನದು. ಅಲ್ಲಿ ಜಾಗ ಬಿಟ್ಟು ನಿಂತಿದ್ದರು. ನೀರು ಎಲುಬಿಗೆ ಇಳಿಯುವಷ್ಟು ತಣ್ಣಗಿತ್ತು, ಹಿಂದಿನ ದಿನ ಪಕ್ಕದ ಗದ್ದೆಗೆ ಹೊಡೆದ ಎಣ್ಣೆಯ ನಾತ ಮೂಗಿಗೆ ಬಡಿಯುತ್ತಿತ್ತು. ಧಣಿ ಬದುವಿನ ಮೇಲೆ ಬಂದು ಬೆರಳು ಆಡಿಸುತ್ತ ಎಣಿಸಿದ. “ಮೂವತ್ತು, ಬರೋಬ್ಬರಿ,” ಎಂದು ಬೈಕು ಹತ್ತಿ ಹೋದ. ಅವನೂ ಮುಖ ನೋಡಲಿಲ್ಲ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು. ಸೆರಗಿನಲ್ಲಿ ಕಟ್ಟಿದ್ದ ಫೋನು ಬಡಿದುಕೊಂಡಿತು. ಕೆಸರು ಕೈಯಲ್ಲೇ ಎತ್ತಿದೆ. ಡಾಕ್ಟರು.

“ಶೇಖಮ್ಮ, ಭೀಮವ್ವ ಇಲ್ಲಿ ಹೆಸರು ದೇವಕಮ್ಮ ಅಂತ ಬರೆಸಿದ್ದಾರೆ. ನಾನು ತಿದ್ದಿಸಿದೆ. ಕಿಡ್ನಿ ಬಹಳ ಹೋಗಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕು, ಇಂದೇ ಶುರುವಾಗಬೇಕು. ಒಪ್ಪಿಗೆ ಕೇಳಿದರೆ ‘ಶೇಖಮ್ಮನ್ನ ಕೇಳ್ರಿ, ನಾ ಅಕಿ ಆಳು’ ಅಂತಾರೆ. ನೀವು ಅವರಿಗೆ ಏನು ಹೇಳಿ ಕಳಿಸಿದಿರಿ?”

ನಾನು ಏನು ಹೇಳಿ ಕಳಿಸಿದ್ದೆನೋ ಅದನ್ನು ಡಾಕ್ಟರಿಗೆ ಹೇಳುವ ಧೈರ್ಯ ಆಗಲಿಲ್ಲ. “ಫೋನ್ ಅವರಿಗೇ ಕೊಡ್ರಿ,” ಎಂದೆ.

ಫೋನಿನಲ್ಲಿ ಭೀಮವ್ವನ ಉಸಿರು ಕೇಳಿಸಿತು. ಸಸಿ ನೆಡುತ್ತ ನನ್ನ ಪಕ್ಕದ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು, ನಾನು ನಿಂತಲ್ಲೇ ನಿಂತಿದ್ದೆ.

“ಚಿಗವ್ವ, ನೀ ನನ್ನ ಆಳಲ್ಲ. ನಾ ನಿನ್ನೆ ಆಡಿದ್ದು ತಪ್ಪು. ಆ ಮಾತಿಗೆ ಹೋಗಿದ್ರ ವಾಪಸ್ ಬಾ. ನಿಂಗ ಬ್ಯಾಡಂದ್ರ ಬ್ಯಾಡ. ಆದ್ರ ಬ್ಯಾಡ ಅನಬ್ಯಾಡ.”

“ಎಷ್ಟು ಮಂದಿ ಬಂದಾರ?” ಎಂದಳು ಭೀಮವ್ವ.

“ಮೂವತ್ತು. ನಾ ಸೇರಿ.”

“ವಾರಕ್ಕ ಎರಡು ದಿನ ಅಂತಾರ ಈ ಡಾಕ್ಟರಮ್ಮ. ಇವತ್ತಿನ ಲೆಕ್ಕ ಅಲ್ಲ, ಇರೂ ತನಕ. ನೀರು ಇದ್ದಾಗ ವಾರಕ್ಕ ಎರಡು ದಿನ ನನ್ನ ಜಾಗಾದಾಗ ನಿಂದ್ರತೀಯೇನು?”

ನಾನು ನೀರಿನ ಕಡೆ ನೋಡಿದೆ. ನನಗೆ ಮನೆಯಿದೆ, ನೌಕರಿಯಿದೆ, ಮೂವತ್ತೆರಡು ಬಸುರಿಯರ ಪಟ್ಟಿಯಿದೆ. ಆಗಲೇ ಕಾಲು ಉರಿಯುತ್ತಿತ್ತು.

“ಮನಸ್ಸಿಲ್ಲಂದ್ರ ಬ್ಯಾಡ ಅನಬಹುದವ್ವ,” ಎಂದಳು. ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ನಾನು ಎಂದೂ ಓದದಷ್ಟು ಚೆನ್ನಾಗಿ, ಅರ್ಥ ಬಿಡಿಸಿ ಹೇಳಿದಳು. “ನಡುವ ಬಿಟ್ರೂ ಯಾಕಂತ ಯಾರೂ ಕೇಳಂಗಿಲ್ಲ.”

ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತೊಂಬತ್ತು ಹೆಂಗಸರು ಬಗ್ಗಿದಲ್ಲೇ ಇದ್ದರು. ಯಾರ ಕೈಯೂ ಸಸಿ ನೆಡುತ್ತಿರಲಿಲ್ಲ.

“ನಿಂದ್ರತೀನಿ,” ಎಂದೆ.

“ಹಂಗಾದ್ರ ಫೋನ್ ಡಾಕ್ಟರಮ್ಮಗ ಕೊಡ್ತೀನಿ. ಹೆಬ್ಬಟ್ಟು ಒತ್ತಬೇಕಂತ. ನೀ ಸಸಿ ಹಚ್ಚು, ಸಾಲು ಹಿಂದ ಬೀಳ್ತದ.”

ಫೋನು ಸೆರಗಿಗೆ ಕಟ್ಟಿ ನಾನು ಬಗ್ಗಿದೆ. ನನ್ನ ಸಾಲಿನಲ್ಲಿ ನಾನು ನೆಡದೆ ಬಿಟ್ಟಿದ್ದ ಜಾಗಕ್ಕೆ ಮೋನಮ್ಮ ಆಗಲೇ ನಾಲ್ಕು ಸಸಿ ಹಚ್ಚಿದ್ದಳು.